ಮೆದು ನೆಲದ ಮೇಲಿನ ಕಂಪನ: ಅರ್ಧಕ್ಕೆ ನಿಲ್ಲಿಸಿದ ಪಾಠ

ಭೂಕಂಪದ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಲ್ಲಿ, ಶಾಲಾ ಪಾಠಗಳಲ್ಲಿ, ಉಪನ್ಯಾಸಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ. 'ಗಟ್ಟಿ ಬಂಡೆಯ ಮೇಲೆ ಕಟ್ಟಿದ ಮನೆ ಕಡಿಮೆ ಅಲುಗುತ್ತದೆ, ಮೆದು ಮಣ್ಣಿನ ಮೇಲೆ ಕಟ್ಟಿದ್ದು ಹೆಚ್ಚು ಅಲುಗುತ್ತದೆ.' ಇದರ ಜೊತೆಗೆ ಒಂದು ಹೋಲಿಕೆಯೂ ಇರುತ್ತದೆ: ತಟ್ಟೆಯಲ್ಲಿಟ್ಟ ಜೆಲ್ಲಿ. ತಟ್ಟೆಯನ್ನು ಮೆಲ್ಲಗೆ ತಟ್ಟಿದರೂ ಜೆಲ್ಲಿ ಬಹಳ ಹೊತ್ತು ಬಳುಕುತ್ತದೆ. ಉದಾಹರಣೆಗೆ 1985ರ ಮೆಕ್ಸಿಕೊ ನಗರ. ಅಲ್ಲಿಗೆ ಪಾಠ ಮುಗಿಯುತ್ತದೆ.

ಹೇಳಿದ್ದು ಸುಳ್ಳೇನಲ್ಲ, ಆದರೆ ಅರ್ಧಕ್ಕೆ ನಿಂತಿದೆ. ಬಿಟ್ಟುಹೋದ ಅರ್ಧದಲ್ಲಿ ಇರುವುದು ಒಂದು ಸಂಖ್ಯೆ, ಸೆಕೆಂಡುಗಳಲ್ಲಿ ಅಳೆಯುವ ಆವರ್ತಕಾಲ. ಅದನ್ನು ಬಿಟ್ಟರೆ ಒಂದೇ ಬೀದಿಯಲ್ಲಿ ಯಾವ ಕಟ್ಟಡ ಬಿದ್ದೀತು, ಯಾವುದು ನಿಂತೀತು ಎಂದು ಹೇಳಲು ಬರುವುದಿಲ್ಲ. ವಿಚಿತ್ರವೆಂದರೆ ಆ ಸಂಖ್ಯೆಯನ್ನು ಲೆಕ್ಕ ಹಾಕಲು ಬೇಕಾದ ಭೌತವಿಜ್ಞಾನವನ್ನು ನಾವು ಪಿಯುಸಿಯಲ್ಲೇ ಕಲಿಸುತ್ತೇವೆ. ಹೀಗಿದ್ದೂ ಭೂಕಂಪದ ಪಾಠಕ್ಕೆ ಬಂದಾಗ ಅದನ್ನು ಬದಿಗಿಟ್ಟು ಜೆಲ್ಲಿಯ ತಟ್ಟೆ ಹಿಡಿಯುತ್ತೇವೆ. ನನ್ನ ತಕರಾರು ಇದರ ಬಗ್ಗೆ.

ಮೆಕ್ಸಿಕೊ ನಗರದ ಎರಡು ದಾಖಲೆಗಳು

1985ರ ಸೆಪ್ಟೆಂಬರ್ 19ರ ಬೆಳಿಗ್ಗೆ ಮೆಕ್ಸಿಕೊದ ಪಶ್ಚಿಮ ಕರಾವಳಿಯಲ್ಲಿ 8.0 ಪರಿಮಾಣದ ಭೂಕಂಪವಾಯಿತು. ಅಲ್ಲಿಂದ ಮೆಕ್ಸಿಕೊ ನಗರಕ್ಕೆ 350 ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರದ ನಗರದಲ್ಲಿ ನಾನೂರಕ್ಕೂ ಹೆಚ್ಚು ಕಟ್ಟಡಗಳು ಕುಸಿದವು, ಸಾವಿರಾರು ಜನ ಸತ್ತರು. ನಗರದ ಒಂದು ಭಾಗ ಹಳೆಯ ಲಾವಾ ಶಿಲೆಯ ಮೇಲಿದೆ. ಇನ್ನೊಂದು ಭಾಗ ಅಜ್ಟೆಕ್ ಜನರ ಕಾಲದ ಟೆಸ್ಕೊಕೊ ಸರೋವರದ ಅಂಗಳದ ಮೇಲಿದೆ. ಆ ಅಂಗಳದ ಜೇಡಿಮಣ್ಣು ಬಹಳ ವಿಲಕ್ಷಣವಾದದ್ದು. ಅದರಲ್ಲಿರುವ ನೀರಿನ ತೂಕ ಒಣ ಮಣ್ಣಿನ ತೂಕದ ಮೂರು ನಾಲ್ಕು ಪಟ್ಟು ಇರುವುದೂ ಉಂಟು.

ಶಿಲೆಯ ಮೇಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ದಾಖಲಾದ ಗರಿಷ್ಠ ವೇಗೋತ್ಕರ್ಷ ಸುಮಾರು 35 ಸೆಂ.ಮೀ./ಸೆ.². ಕೆರೆಯಂಗಳದಲ್ಲಿದ್ದ, 'ಎಸ್‌ಸಿಟಿ' ಎಂದು ಹೆಸರಾದ ಸಾರಿಗೆ ಮತ್ತು ಸಂಪರ್ಕ ಸಚಿವಾಲಯದ ಠಾಣೆಯಲ್ಲಿ 168. ಭೂಕಂಪದ ಮೂಲಕ್ಕೆ ತೀರ ಸಮೀಪದ ಕರಾವಳಿಯ ಕಲೆಟಾ ದೆ ಕಾಂಪೋಸ್ ಠಾಣೆಯಲ್ಲಿ ಸುಮಾರು 140. ಈ ಕೊನೆಯ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದೂರ ಹೋದಂತೆ ಕಂಪನ ಕುಗ್ಗುತ್ತದೆ ಎಂದು ನಾವು ಬರೆಸುವ ಟಿಪ್ಪಣಿಗೆ ಇದಕ್ಕಿಂತ ದೊಡ್ಡ ಅಪವಾದ ಬೇಕಿಲ್ಲ.

ಎಸ್‌ಸಿಟಿಯ ದಾಖಲೆಯಲ್ಲಿ ಗಮನಿಸಬೇಕಾದದ್ದು 168 ಎಂಬ ಸಂಖ್ಯೆಗಿಂತ ಆ ರೇಖೆಯ ಆಕಾರ. ಸಾಮಾನ್ಯವಾಗಿ ಭೂಕಂಪದ ರೇಖೆ ಮುಳ್ಳುಬೇಲಿಯಂತೆ ಗೋಜಲಾಗಿರುತ್ತದೆ. ಇಲ್ಲಿ ಹಾಗಿಲ್ಲ. ಪ್ರಯೋಗಶಾಲೆಯ ಸೈನ್ ರೇಖೆಯಂತೆ ಎರಡು ಸೆಕೆಂಡಿಗೊಂದರಂತೆ ಒಂದೇ ಸಮನೆ ಆಂದೋಲನಗಳು. ಸರಳ ಸಂಗತ ಚಲನೆಯ ಸೂತ್ರ ಬಳಸಿದರೆ ಎರಡು ಸೆಕೆಂಡಿನ ಆಂದೋಲನದಲ್ಲಿ 168 ಸೆಂ.ಮೀ./ಸೆ.² ಎಂದರೆ ನೆಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಮಾರು 17 ಸೆಂಟಿಮೀಟರ್ ಸರಿದಿದೆ. ಅದೇ ವೇಗೋತ್ಕರ್ಷ 0.2 ಸೆಕೆಂಡಿನ ಆಂದೋಲನದಲ್ಲಿ ಬಂದಿದ್ದರೆ ನೆಲ ಸರಿಯುತ್ತಿದ್ದುದು ಎರಡು ಮಿಲಿಮೀಟರಿಗೂ ಕಡಿಮೆ. ಆದ್ದರಿಂದ 'ಗುರುತ್ವದ ಶೇಕಡಾ ಇಷ್ಟು' ಎಂದು ಪತ್ರಿಕೆಗಳು ಕೊಡುವ ಒಂಟಿ ಸಂಖ್ಯೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಎರಡು ಸೆಕೆಂಡು ಎಲ್ಲಿಂದ ಬಂತು?

ಅನುನಾದ ಕೊಳವೆಯ ಪ್ರಯೋಗವನ್ನು ನೆನಪಿಸಿಕೊಳ್ಳಿ. ಒಂದು ತುದಿ ನೀರಿನಿಂದ ಮುಚ್ಚಿದೆ, ಇನ್ನೊಂದು ತೆರೆದಿದೆ. ಶ್ರುತಿಕವೆಯನ್ನು ಮೇಲೆ ಹಿಡಿದು ನೀರಿನ ಮಟ್ಟ ಇಳಿಸುತ್ತ ಹೋದರೆ ಗಾಳಿಯ ಉದ್ದ ತರಂಗದೂರದ ಕಾಲುಭಾಗವಾದಾಗ ಕೊಳವೆ ಜೋರಾಗಿ ದನಿಗೂಡಿಸುತ್ತದೆ. ಮಣ್ಣಿನ ಪದರದಲ್ಲೂ ಇದೇ ನಡೆಯುತ್ತದೆ. ತಳದ ಗಟ್ಟಿ ನೆಲ ಮುಚ್ಚಿದ ತುದಿ, ನೆಲದ ಮೇಲ್ಮೈ ತೆರೆದ ತುದಿ. ಕೆಳಗಿನಿಂದ ಬರುವ ಅಡ್ಡ ಅಲೆಯ ತರಂಗದೂರದ ಕಾಲುಭಾಗ ಪದರದ ದಪ್ಪಕ್ಕೆ ಸಮವಾದಾಗ ಪದರ ಅನುನಾದಕ್ಕೆ ಒಳಗಾಗುತ್ತದೆ. ಅಂದರೆ,

ಆವರ್ತಕಾಲ = 4 × ಪದರದ ದಪ್ಪ ÷ ಅಡ್ಡ ಅಲೆಯ ವೇಗ.

ಎಸ್‌ಸಿಟಿಯ ಬಳಿ ಜೇಡಿಯ ದಪ್ಪ 38 ಮೀಟರ್ ಎಂದೂ, ಅದರಲ್ಲಿ ಅಡ್ಡ ಅಲೆಯ ವೇಗ ಸೆಕೆಂಡಿಗೆ 76 ಮೀಟರ್ ಎಂದೂ ಇಟ್ಟುಕೊಳ್ಳಿ. ಅಲ್ಲಿ ಅಳೆದಿರುವ ಬೆಲೆಗಳು ಇವುಗಳ ಆಸುಪಾಸಿನಲ್ಲೇ ಇವೆ. ನಾಲ್ಕು ಬಾರಿ 38, ಭಾಗಿಸು 76. ಉತ್ತರ 2 ಸೆಕೆಂಡು. ಜೆಲ್ಲಿಯ ಹೋಲಿಕೆಯಿಂದ ಈ ಎರಡು ಎಂದೂ ಹೊರಬರುವುದಿಲ್ಲ.

ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದಕ್ಕೆ ಸಾಂದ್ರತೆ ಮತ್ತು ವೇಗಗಳ ಗುಣಲಬ್ಧ ಬೇಕು. ಇದನ್ನು ಪ್ರತಿಬಾಧೆ ಎನ್ನುತ್ತೇವೆ. ಜೇಡಿಗೆ ಸಾಂದ್ರತೆ 1.2, ವೇಗ 76, ಗುಣಲಬ್ಧ ಸುಮಾರು 90. ಕೆಳಗಿನ ಗಟ್ಟಿ ಪದರಕ್ಕೆ ಲೆಕ್ಕದ ಅನುಕೂಲಕ್ಕಾಗಿ ಸಾಂದ್ರತೆ 2, ವೇಗ 450 ಎಂದಿಟ್ಟರೆ 900. ಹತ್ತಕ್ಕೆ ಒಂದು. ಮಣ್ಣಿನೊಳಗೆ ಶಕ್ತಿ ಸ್ವಲ್ಪವೂ ನಷ್ಟವಾಗದಿದ್ದರೆ ಅನುನಾದದಲ್ಲಿ ಮೇಲ್ಮೈಯ ಚಲನೆ, ಪಕ್ಕದ ಗಟ್ಟಿ ನೆಲದ ಚಲನೆಯ ಹತ್ತು ಪಟ್ಟಾಗುತ್ತದೆ. ಶೇಕಡಾ ಮೂರರಷ್ಟು ಅವಮಂದನ ಇದ್ದರೆ ಅದು ಏಳರ ಸಮೀಪಕ್ಕೆ ಇಳಿಯುತ್ತದೆ. ಇದು ಎರಡು ಸೆಕೆಂಡಿನ ಅಲೆಗೆ ಮಾತ್ರ ಸಲ್ಲುವ ಲೆಕ್ಕ. ನಾಲ್ಕು ಸೆಕೆಂಡಿನ ಅಲೆಗೆ ಅದೇ ಜೇಡಿ ಅಷ್ಟೇನೂ ಸ್ಪಂದಿಸುವುದಿಲ್ಲ. ಹತ್ತು ಸೆಕೆಂಡಿನ ಅಲೆಗಂತೂ ಅದು ಇದ್ದೂ ಇಲ್ಲದಂತೆ.

ಒಂದು ಸಣ್ಣ ವಿಷಯಾಂತರ. ಈ ಜೇಡಿ ಇಷ್ಟು ಚೆನ್ನಾಗಿ ಅನುನಾದಿಸಿದ್ದಕ್ಕೆ ಅದರ ಸ್ಥಿತಿಸ್ಥಾಪಕತೆಯೂ ಕಾರಣ. ಬೇರೆ ಮೆದು ಮಣ್ಣುಗಳು ಜೋರಾಗಿ ಅಲುಗಿಸಿದಾಗ ಸಡಿಲಗೊಂಡು ಶಕ್ತಿಯನ್ನು ತಾವೇ ನುಂಗಿಕೊಳ್ಳುತ್ತವೆ, ಹಾಗಾಗಿ ಪ್ರಬಲ ಕಂಪನದಲ್ಲಿ ಅವುಗಳ ವರ್ಧನೆ ತಗ್ಗುತ್ತದೆ. 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಎರಡು ನೆರೆ ದ್ವೀಪಗಳ ಪೈಕಿ ಬಂಡೆಯ ಯೆರ್ಬಾ ಬ್ಯುಯೆನಾದಲ್ಲಿ ಗುರುತ್ವದ 0.06ರಷ್ಟೂ, ಮಣ್ಣು ತುಂಬಿ ನಿರ್ಮಿಸಿದ ಟ್ರೆಷರ್ ದ್ವೀಪದಲ್ಲಿ 0.16ರಷ್ಟೂ ದಾಖಲಾಯಿತು. ಸುಮಾರು ಎರಡೂವರೆ ಪಟ್ಟು. ಬಂಡೆಯ ಮೇಲೆ 0.4 ಬಂದಿದ್ದರೆ ಪಕ್ಕದಲ್ಲಿ 1.0 ಬರುತ್ತಿತ್ತು ಎಂದು ಗುಣಿಸಲು ಹೋಗಬಾರದು.

ಪಾಠ ಹೇಳದ ಒಂದು ಎಡರು

ಈಗ ಕಟ್ಟಡಗಳಿಗೆ ಬರೋಣ. 'ಎರಡು ಸೆಕೆಂಡು ಆವರ್ತಕಾಲದ ಕಟ್ಟಡಗಳು ಅನುನಾದದಿಂದ ಬಿದ್ದವು' ಎಂದು ತುಸು ಮುಂದುವರಿದ ಪುಸ್ತಕಗಳು ಬರೆಯುತ್ತವೆ. ಲೆಕ್ಕ ಮಾಡಿ ನೋಡಿದವರು ಕಡಿಮೆ. ಮಹಡಿಗಳ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಕಾಂಕ್ರೀಟು ಕಟ್ಟಡದ ಆವರ್ತಕಾಲ ಸೆಕೆಂಡುಗಳಲ್ಲಿ ಸುಮಾರಾಗಿ ಸಿಗುತ್ತದೆ. ಭಾರತೀಯ ಸಂಹಿತೆಯಲ್ಲಿರುವ ಸೂತ್ರ, ಅಂದರೆ ಎತ್ತರದ ಮುಕ್ಕಾಲು ಘಾತವನ್ನು 0.075ರಿಂದ ಗುಣಿಸುವುದು, 30 ಮೀಟರ್ ಎತ್ತರದ ಹತ್ತು ಮಹಡಿಗೆ 0.96 ಸೆಕೆಂಡು ಕೊಡುತ್ತದೆ. ಹಾಗಾದರೆ ಎರಡು ಸೆಕೆಂಡಿಗೆ ಇಪ್ಪತ್ತು ಮಹಡಿ ಬೇಕು. ಆದರೆ ಮೆಕ್ಸಿಕೊದಲ್ಲಿ ಅತಿ ಹೆಚ್ಚು ಪೆಟ್ಟು ತಿಂದದ್ದು 6ರಿಂದ 15 ಮಹಡಿಯವು.

ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹಾಕಿದರೆ ತರಗತಿ ಕೊಂಚ ಹೊತ್ತು ಮೌನವಾಗುತ್ತದೆ. ಒಳ್ಳೆಯ ಮೌನ. ಉತ್ತರ ಎರಡು ಕಡೆಯಿಂದ ಬರುತ್ತದೆ. ಮೆದು ಜೇಡಿಯ ಮೇಲೆ ನಿಂತ ಕಟ್ಟಡದ ಬುಡವೂ ತುಸು ಓಲಾಡುವುದರಿಂದ ಅದರ ಆವರ್ತಕಾಲ ಮೊದಲೇ ಹೆಚ್ಚಿರುತ್ತದೆ. ಇದಕ್ಕಿಂತ ಮುಖ್ಯವಾದದ್ದು ಕಟ್ಟಡ ಬಿರುಕು ಬಿಡುವುದು. ಆವರ್ತಕಾಲವು ಬಿಗಿತದ ವರ್ಗಮೂಲಕ್ಕೆ ವಿಲೋಮ. ಬಿರುಕುಗಳಿಂದ ಬಿಗಿತ ಕಾಲುಭಾಗಕ್ಕೆ ಇಳಿದರೆ ಆವರ್ತಕಾಲ ಎರಡು ಪಟ್ಟಾಗುತ್ತದೆ. ಒಂದು ಸೆಕೆಂಡಿನ ಕಟ್ಟಡ ಪ್ರತಿ ಆಂದೋಲನಕ್ಕೂ ಸ್ವಲ್ಪ ಸ್ವಲ್ಪ ಬಿರಿಯುತ್ತ, ತಾನಾಗಿಯೇ ಎರಡು ಸೆಕೆಂಡಿನ ಕಡೆಗೆ, ಅಂದರೆ ಅಪಾಯದ ಕಡೆಗೆ ನಡೆದುಹೋಗುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚಿನದು ಬಿರಿದರೆ ಅಪಾಯದಿಂದ ದೂರ ಸರಿಯುತ್ತದೆ. 1956ರಲ್ಲಿ ಮುಗಿದ, ನಲವತ್ತಕ್ಕೂ ಹೆಚ್ಚು ಅಂತಸ್ತಿನ ಲ್ಯಾಟಿನೊಅಮೆರಿಕಾನಾ ಗೋಪುರ ಅದೇ ಕೆರೆಯಂಗಳದಲ್ಲಿ 1957ರ ಭೂಕಂಪವನ್ನೂ 1985ರದ್ದನ್ನೂ ತಾಳಿಕೊಂಡಿತು. ಒಳ್ಳೆಯ ಅಡಿಪಾಯ, ಒಳ್ಳೆಯ ವಿನ್ಯಾಸ ಅದಕ್ಕಿತ್ತು ನಿಜ. ಜೊತೆಗೆ ಅದರ ಆವರ್ತಕಾಲ ಎರಡು ಸೆಕೆಂಡಿಗಿಂತ ಸಾಕಷ್ಟು ಹೆಚ್ಚಾಗಿತ್ತು ಎಂಬುದೂ ನಿಜ.

ಕಾಲುತರಂಗದ ಚಿತ್ರವನ್ನೂ ಪೂರ್ತಿ ನಂಬಬೇಡಿ. ಶೇಕಡಾ ಮೂರು ಅವಮಂದನವಿದ್ದರೆ, ಕೆಳಗಿನಿಂದ ಅಲೆ ನಿಂತ ಮೇಲೆ ಹತ್ತು ಆಂದೋಲನಗಳಲ್ಲಿ, ಅಂದರೆ ಇಪ್ಪತ್ತು ಸೆಕೆಂಡಿನಲ್ಲಿ, ಪಾರವು ಶೇಕಡಾ 15ಕ್ಕೆ ಇಳಿಯಬೇಕು. ಮೆಕ್ಸಿಕೊದ ಕೆರೆಯಂಗಳದ ದಾಖಲೆಗಳಲ್ಲಿ ಕಂಪನ ಇದಕ್ಕಿಂತ ಬಹಳ ಹೆಚ್ಚು ಹೊತ್ತು ಎಳೆಯುತ್ತದೆ. ಅಂಚುಗಳಲ್ಲಿ ಹುಟ್ಟಿ ಅಡ್ಡಕ್ಕೆ ಸಾಗುವ ಮೇಲ್ಮೈ ಅಲೆಗಳು ಇದಕ್ಕೆ ಕಾರಣವೇ, ಅಥವಾ ನಗರಕ್ಕೆ ಬಂದು ತಲಪುವ ಅಲೆಯೇ ಅಷ್ಟು ದೀರ್ಘವಾಗಿರುತ್ತದೆಯೇ ಎಂಬ ಚರ್ಚೆ ದಶಕಗಳ ಕಾಲ ನಡೆದಿದೆ. ಇನ್ನೊಂದು ಸಂಗತಿ: ನಾವು 'ಬಂಡೆ' ಎಂದು ಹೋಲಿಕೆಗೆ ಇಟ್ಟುಕೊಂಡ ಆ ಲಾವಾ ಶಿಲೆಯ ಭಾಗವೇ, ಅಷ್ಟು ದೂರದ ಸಾಮಾನ್ಯ ಬಂಡೆ ಅಲುಗಬೇಕಾದುದಕ್ಕಿಂತ ಹೆಚ್ಚು ಅಲುಗುತ್ತದೆ ಎಂದು ಮೆಕ್ಸಿಕೊದ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿದರು. ಅಳತೆಗೋಲೇ ಹಿಗ್ಗಿದ್ದರೆ ಅಳತೆ ಎಷ್ಟು ಸರಿ?

ಅದೇ ನಗರ, ಬೇರೆ ಕಟ್ಟಡಗಳು

'ಮೆದು ಮಣ್ಣು ಅಪಾಯ' ಎಂಬ ಅರ್ಧಪಾಠದ ಬೆಲೆ ಏನೆಂಬುದು 2017ರಲ್ಲಿ ಗೊತ್ತಾಯಿತು. ಕಾಕತಾಳೀಯವಾಗಿ ಅದೂ ಸೆಪ್ಟೆಂಬರ್ 19. ಬೆಳಿಗ್ಗೆ ನಗರದಲ್ಲಿ 1985ರ ಸ್ಮರಣಾರ್ಥ ಅಣಕು ಕಸರತ್ತು ನಡೆದಿತ್ತು. ಕೆಲವೇ ಗಂಟೆಗಳ ನಂತರ ನಿಜವಾದ ಭೂಕಂಪವೇ ಬಂತು. ಪರಿಮಾಣ 7.1, ದೂರ ಸುಮಾರು 120 ಕಿ.ಮೀ. 1985ರದ್ದಕ್ಕಿಂತ ಚಿಕ್ಕದು, ಆದರೆ ಹತ್ತಿರದ್ದು, ಮತ್ತು ಕಡಿಮೆ ಆವರ್ತಕಾಲದ ಅಲೆಗಳು ಹೆಚ್ಚಿದ್ದದ್ದು. ಶಿಲೆಯ ಮೇಲಿನ ಅದೇ ವಿಶ್ವವಿದ್ಯಾಲಯದ ಆವರಣದಲ್ಲಿ ಈ ಸಲ 1985ಕ್ಕಿಂತ ಹೆಚ್ಚು ವೇಗೋತ್ಕರ್ಷ ದಾಖಲಾಯಿತು. ಕೆರೆಯಂಗಳದ ಎಸ್‌ಸಿಟಿಯಲ್ಲಿ 1985ಕ್ಕಿಂತ ಕಡಿಮೆ! ಕುಸಿತ ಹೆಚ್ಚಾಗಿ ಕಂಡದ್ದು ಜೇಡಿಯ ದಪ್ಪ ಕಡಿಮೆ ಇರುವ ಪಶ್ಚಿಮದ ಅಂಚಿನಲ್ಲಿ, ನೆಲದ ಆವರ್ತಕಾಲ ಒಂದರಿಂದ ಒಂದೂವರೆ ಸೆಕೆಂಡಿನ ಆಸುಪಾಸು ಇರುವಲ್ಲಿ. ಬಿದ್ದವುಗಳಲ್ಲಿ ಹಳೆಯ ನಿಯಮಗಳ ಕಾಲದ, ಹೆಚ್ಚು ಎತ್ತರವಿಲ್ಲದ ಕಟ್ಟಡಗಳೇ ಬಹಳ. 1985 ಅವುಗಳನ್ನು ಪರೀಕ್ಷಿಸಿಯೇ ಇರಲಿಲ್ಲ. ಒಂದು ಭೂಕಂಪದಲ್ಲಿ ಪಾಸಾದ ಕಟ್ಟಡ ಎಲ್ಲ ಭೂಕಂಪಗಳಲ್ಲೂ ಪಾಸು ಎಂದು ನಂಬಿ ಅವುಗಳಲ್ಲಿ ಜನ ಮೂರು ದಶಕ ವಾಸಿಸಿದ್ದರು.

ನಮ್ಮ ನೆರೆಯ ಕಠ್ಮಂಡು ಕಣಿವೆಯೂ ಹಳೆಯ ಸರೋವರದ ಅಂಗಳವೇ. 2015ರ ಏಪ್ರಿಲ್ 25ರ 7.8 ಪರಿಮಾಣದ ಭೂಕಂಪದಲ್ಲಿ ಗಟ್ಟಿ ನೆಲದ ಕೀರ್ತಿಪುರದಲ್ಲಿ ದಾಖಲಾದ ಗರಿಷ್ಠ ವೇಗೋತ್ಕರ್ಷ, ಕಣಿವೆಯ ನಡುವಿನ ಮೆದು ನೆಲದಲ್ಲಿ ದಾಖಲಾದುದಕ್ಕಿಂತ ಹೆಚ್ಚು. ಮೆದು ನೆಲ ವರ್ಧಿಸಿದ್ದು ನಾಲ್ಕೈದು ಸೆಕೆಂಡಿನ ನಿಧಾನದ ಅಲೆಗಳನ್ನು. ಕಠ್ಮಂಡುವಿನ ಬಹುತೇಕ ಮನೆಗಳು ಕೆಲವೇ ಮಹಡಿಯವು, ಅವುಗಳಿಗೂ ನಾಲ್ಕೈದು ಸೆಕೆಂಡಿಗೂ ದೂರದ ಸಂಬಂಧವೂ ಇಲ್ಲ. ನಗರದಲ್ಲಿ ಸಾವುನೋವು ಬಹಳವಾಯಿತು, ಆದರೆ ಆ ಪರಿಮಾಣಕ್ಕೆ ತಜ್ಞರು ಹೆದರಿದ್ದಷ್ಟು ಮನೆಗಳು ಬೀಳದಿದ್ದುದಕ್ಕೆ ಇದೂ ಒಂದು ಕಾರಣ. 'ಮೆದು ಮಣ್ಣಿನಲ್ಲಿ ಕಂಪನ ಹೆಚ್ಚು' ಎಂಬ ಒಂದು ಸಾಲಿನಿಂದ ಇದನ್ನು ವಿವರಿಸಿ ನೋಡೋಣ.

ನಮ್ಮ ಸಂಹಿತೆ, ನಮ್ಮ ಕೆರೆಗಳು

2001ರ ಜನವರಿ 26ರ ಭುಜ್ ಭೂಕಂಪ ಅಹಮದಾಬಾದಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಾಯಿತು. ಸಾಬರಮತಿಯ ಮೆಕ್ಕಲಿನ ಮೇಲಿರುವ ಆ ನಗರದಲ್ಲಿ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ಅಲ್ಲಿನ ಪಾಸ್‌ಪೋರ್ಟ್ ಕಚೇರಿಯ ಕಟ್ಟಡದಲ್ಲಿದ್ದ ಉಪಕರಣದಲ್ಲಿ ಗುರುತ್ವದ ಸುಮಾರು 0.11ರಷ್ಟು ದಾಖಲಾಯಿತು. ಮೆಕ್ಕಲಿನ ಪಾತ್ರ ಇದ್ದೇ ಇದೆ. ಆದರೆ ಬಿದ್ದವುಗಳಲ್ಲಿ ಬಹಳಷ್ಟು, ಕೆಳಗೆ ವಾಹನ ನಿಲ್ಲಿಸಲು ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಕಟ್ಟಡಗಳು. ಅವುಗಳ ಅಕ್ಕಪಕ್ಕದಲ್ಲಿ, ಅದೇ ಮೆಕ್ಕಲಿನ ಮೇಲೆ, ಬೇರೆ ಕಟ್ಟಡಗಳು ನಿಂತಿದ್ದವು. ಇಂಥ ಕಡೆ 'ಮಣ್ಣೇ ಕಾರಣ' ಎನ್ನುವುದು ಗುತ್ತಿಗೆದಾರನಿಗೆ ತುಂಬ ಅನುಕೂಲದ ವಿಜ್ಞಾನ.

ನಮ್ಮ ಭೂಕಂಪ ಸಂಹಿತೆ ಐಎಸ್ 1893 ಮಣ್ಣನ್ನು ಹೇಗೆ ಕಂಡಿದೆ? ಶಿಕ್ಷಕರು ಇದನ್ನೊಮ್ಮೆ ತೆರೆದು ನೋಡಬೇಕು. 2002ರ ಆವೃತ್ತಿಯಲ್ಲಿ ನೆಲ ಮೂರು ಬಗೆ: ಗಟ್ಟಿ, ಮಧ್ಯಮ, ಮೆದು. ಕಟ್ಟಡದ ಆವರ್ತಕಾಲ 0.1ರಿಂದ 0.4 ಸೆಕೆಂಡಿನವರೆಗೆ ಇದ್ದರೆ ಮೂರೂ ಬಗೆಗೆ ಗುಣಾಂಕ ಒಂದೇ, 2.5. ಅದರಾಚೆಗೆ ಮಾತ್ರ ರೇಖೆಗಳು ಬೇರೆಯಾಗುತ್ತವೆ. ಎರಡು ಸೆಕೆಂಡಿಗೆ ಗಟ್ಟಿ ನೆಲದಲ್ಲಿ 0.5, ಮೆದು ನೆಲದಲ್ಲಿ ಸುಮಾರು 0.84. ಅನುಪಾತ 1.67, ಅದಕ್ಕಿಂತ ಮೇಲೆ ಎಲ್ಲೂ ಇಲ್ಲ. 2016ರ ಆವೃತ್ತಿಯಲ್ಲೂ ಇದೇ ಉಳಿಯಿತು. ಸಂಹಿತೆಗೆ ನ್ಯಾಯ ಒದಗಿಸಬೇಕೆಂದರೆ, ಅದು ಅನೇಕ ಸ್ಥಳಗಳ ಸರಾಸರಿ, ಯಾವೊಂದು ನಿವೇಶನದ ಭವಿಷ್ಯವನ್ನೂ ಅದು ನುಡಿಯುವುದಿಲ್ಲ. ಮಣ್ಣಿನ ಅನುನಾದ ಎಂಬುದು ಒಂದೊಂದು ಕಡೆ ಒಂದೊಂದು ಆವರ್ತಕಾಲದಲ್ಲಿ ಏಳುವ ಮೊನಚು ಶಿಖರ. ಸರಾಸರಿ ತೆಗೆದರೆ ಶಿಖರಗಳೆಲ್ಲ ಸವೆದು ಮಟ್ಟಸವಾಗುತ್ತವೆ. ಆದರೆ ಆ ಮಟ್ಟಸವಾದ ರೇಖೆಯನ್ನು ನೋಡಿ ಎರಡು ಮಹಡಿಯ ಮನೆಗೆ ಮೆದು ನೆಲವೂ ಬಂಡೆಯೂ ಒಂದೇ ಎಂದು ಓದುವುದು ತಪ್ಪು. ಹೀಗೆ ಓದುವವರು ಬೇಕಾದಷ್ಟು ಜನ ಇದ್ದಾರೆ.

ಇದರಿಂದ ತೊಂದರೆ ಎಲ್ಲಿ ಎಂದು ಕೇಳಿದರೆ ಬೆಂಗಳೂರನ್ನು ನೋಡಬಹುದು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ ಬಂದಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಹೂಳಿನ ಮೇಲೆ ಮಣ್ಣು ಸುರಿದು ನಿವೇಶನ ಮಾಡಿದ ಕೆರೆಗಳು ಇನ್ನೂ ಎಷ್ಟೋ. ಇದನ್ನು ಕಂಡು 'ಬೆಂಗಳೂರು ಇನ್ನೊಂದು ಮೆಕ್ಸಿಕೊ' ಎಂದು ಬರೆಯುವವರಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಇಲ್ಲಿನ ಕೆರೆಯಂಗಳದ ಮೆದು ಪದರ ಹತ್ತು ಮೀಟರ್ ಎನ್ನಿ, ವೇಗ ಸೆಕೆಂಡಿಗೆ 150 ಮೀಟರ್ ಎನ್ನಿ. ಆವರ್ತಕಾಲ 0.27 ಸೆಕೆಂಡು. ಎತ್ತರದ ಗೋಪುರಗಳಿಗೆ ಇದರಿಂದ ಹೆಚ್ಚಿನ ಭಯವಿಲ್ಲ. ಹೊಂದಿಕೆಯಾಗುವುದು ಎರಡು ಮೂರು ಮಹಡಿಯ ಮನೆಗಳಿಗೆ. ಕೆಳಗಿನ ಶಿಥಿಲ ಶಿಲೆಯ ವೇಗ 500 ಎಂದೂ, ಅವಮಂದನ ಶೇಕಡಾ ಐದು ಎಂದೂ ಇಟ್ಟು ಮೇಲಿನಂತೆ ಲೆಕ್ಕ ಮಾಡಿದರೆ ವರ್ಧನೆ ಸುಮಾರು ಮೂರು ಪಟ್ಟು. ಸಂಹಿತೆಯ ರೇಖೆ ಯಾವ ವ್ಯತ್ಯಾಸವನ್ನೂ ತೋರದ ಭಾಗದಲ್ಲೇ ನಮ್ಮ ಕೆರೆಯಂಗಳದ ಶಿಖರ ಬಂದು ಕೂರುತ್ತದೆ! ಬೆಂಗಳೂರಿನಲ್ಲಿ ದೊಡ್ಡ ಭೂಕಂಪ ಬರುತ್ತದೆಂದು ಇದರರ್ಥವಲ್ಲ. ಬರುವುದು ಸಾಧಾರಣದ್ದಾದರೂ, ಪೆಟ್ಟು ಬೀಳುವುದು ಎಂಜಿನಿಯರನ ಮುಖ ಕಾಣದೆ ಮೇಸ್ತ್ರಿಯ ಅಂದಾಜಿನಲ್ಲಿ ಮೇಲೆದ್ದ ಮನೆಗಳಿಗೆ ಎಂದಷ್ಟೆ.

ಇಂಥದನ್ನು ಊಹೆಗೆ ಬಿಡದೆ ಅಳೆದವರೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ಜಿ. ಸೀತಾರಾಮ್ ಮತ್ತು ಪಿ. ಅನ್ಬಳಗನ್ 2000ರ ದಶಕದಲ್ಲಿ ಬೆಂಗಳೂರಿನ ಸೂಕ್ಷ್ಮವಲಯ ನಕ್ಷೆಗಾಗಿ ಕೊಳವೆ ಕೊರೆದ ದಾಖಲೆಗಳನ್ನು ಕಲೆಹಾಕಿದರು. ಅಡ್ಡ ಅಲೆಯ ವೇಗವನ್ನು ನೆಲದ ಮೇಲಿಂದಲೇ ಕಂಡುಕೊಂಡರು. ವಿಧಾನ ಸರಳ: ನೆಲದ ಮೇಲಿಟ್ಟ ಫಲಕಕ್ಕೆ ದೊಡ್ಡ ಸುತ್ತಿಗೆಯಿಂದ ಹೊಡೆಯುವುದು, ಸಾಲಾಗಿ ಊರಿದ ಸಂವೇದಕಗಳಿಂದ ಮೇಲ್ಮೈ ಅಲೆಗಳನ್ನು ಹಿಡಿಯುವುದು, ಬೇರೆ ಬೇರೆ ಆವೃತ್ತಿಯ ಅಲೆಗಳ ವೇಗದಿಂದ ಆಳದ ಪದರಗಳನ್ನು ಲೆಕ್ಕ ಹಾಕುವುದು. ಭೂಕಂಪ ವಲಯಗಳ ದೇಶದ ನಕ್ಷೆಯಲ್ಲಿ ಇಡೀ ಬೆಂಗಳೂರಿಗೆ ಒಂದೇ ಬಣ್ಣ. ಇವರ ನಕ್ಷೆಯಲ್ಲಿ ಬಡಾವಣೆಯಿಂದ ಬಡಾವಣೆಗೆ ಬಣ್ಣ ಬದಲಾಗುತ್ತದೆ. ನಮ್ಮ ಪಾಠಗಳಲ್ಲಿ ಅಚ್ಚಾಗುವುದು ಮೊದಲನೆಯದು ಮಾತ್ರ.

ನಿಮ್ಮ ಊರಿನ ಪದರದ ದಪ್ಪವನ್ನು ಅಂದಾಜು ಮಾಡಲು ಯಾವ ಉಪಕರಣವೂ ಬೇಕಾಗಿಲ್ಲ. ಬೋರ್‌ವೆಲ್ ಕೊರೆಯುವವರು ಮೇಲಿನ ಸಡಿಲ ನೆಲ ಕುಸಿಯದಿರಲೆಂದು ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಪೈಪು ಇಳಿಸುತ್ತಾರೆ. ಹೊಲದವರನ್ನೋ ಲಾರಿಯವರನ್ನೋ ಕೇಳಿದರೆ ಎಷ್ಟು ಅಡಿ ಕೇಸಿಂಗ್ ಹೋಯಿತು ಎಂದು ಥಟ್ಟನೆ ಹೇಳುತ್ತಾರೆ, ಏಕೆಂದರೆ ಅಡಿಗಿಷ್ಟು ಎಂದು ದುಡ್ಡು ಎಣಿಸಿರುತ್ತಾರೆ. ಹತ್ತು ಕಡೆ ಕೇಳಿ ಬರೆದುಕೊಳ್ಳಲು ವಿದ್ಯಾರ್ಥಿಗಳಿಗೆ ಹೇಳಿ. 60 ಅಡಿ ಎಂದರೆ ಸುಮಾರು 18 ಮೀಟರ್. ವೇಗವನ್ನು 250 ಎಂದು ಹಿಡಿದರೆ ಆವರ್ತಕಾಲ 0.29 ಸೆಕೆಂಡು, ಮೂರು ಮಹಡಿ. ಮೇಲಿನ ಮಣ್ಣಿನಿಂದ ಶಿಥಿಲ ಶಿಲೆಗೆ, ಅಲ್ಲಿಂದ ಗಟ್ಟಿ ಶಿಲೆಗೆ ನೆಲ ನಿಧಾನವಾಗಿ ಬದಲಾಗುವ ಕಡೆ ಈ ಶಿಖರ ಅಷ್ಟು ಮೊನಚಾಗಿರುವುದಿಲ್ಲ ಎಂಬುದನ್ನೂ ಅವರಿಗೆ ಹೇಳಿ. ಕೆರೆಯ ಕೆಳಗಿನ ಗದ್ದೆಗೂ ಊರ ದಿಬ್ಬಕ್ಕೂ ಕೇಸಿಂಗ್ ಅಳತೆ ಎಷ್ಟು ಬೇರೆಯೆಂದು ನಕ್ಷೆಯ ಮೇಲೆ ಗುರುತಿಸಿದ ಮೇಲೆ, ಶಾಲೆಯ ಕಟ್ಟಡಕ್ಕೆ ಎಷ್ಟು ಮಹಡಿ ಇದೆ ಎಂದು ಅವರೇ ಎಣಿಸಿಕೊಳ್ಳಲಿ.